ಮೇಲಿನ ಮಹಡಿಗೆ ಬಂದ ಬೆಳಕು

ಅತ್ತಿಗೆ, ನಿಮ್ಮ ನಾದಿನಿ ಪಾಸಾದಳು. ಮೊದಲು ಇಷ್ಟನ್ನು ಅಪ್ಪನಿಗೆ ಓದಿ ಹೇಳಿ, ಉಳಿದದ್ದು ಆಮೇಲೆ.

ಈ ತರಬೇತಿ ಕೇಂದ್ರದಲ್ಲಿ ನಾವು ಜೋಡಿಸಲು ಕಲಿಯುವ ಇಂಟರ್ನೆಟ್ ಕೇಬಲ್‌ನೊಳಗೆ ತಂತಿಯೇ ಇಲ್ಲ, ಕೂದಲಿನಷ್ಟು ಸಣ್ಣ ಗಾಜಿನ ಎಳೆ ಇದೆ. ಉಸಿರು ಬಿಗಿಹಿಡಿದು ಅದರ ತುದಿಗಳನ್ನು ಬೆಸೆಯಬೇಕು. ಇವತ್ತು ಪರೀಕ್ಷೆ. ಕೆಳಗಿನ ಕೋಣೆಯಲ್ಲಿ ಎಳೆ ಬೆಸೆದು, ಮೇಲಿನ ಮಹಡಿಗೆ ಹೋಗಿ ಅದರ ಇನ್ನೊಂದು ತುದಿಯನ್ನು ಅಂಗೈಗೆ ಹಿಡಿದು ನಿಂತೆ. ಟೀಚರ್ ಕೆಳಗಿನಿಂದ ಕೆಂಪು ಬೆಳಕು ಬಿಡುತ್ತಾರೆ, ಬಂದರೆ ನಾನು ಕೂಗಿ ಹೇಳಬೇಕು. ಇಲ್ಲಿ ನನ್ನನ್ನು ಕರೆಯುವುದೇ ಪಿಸುಮಾತು ಎಂದು. "ಇವಳು ಕೂಗಿದ್ರೆ ಇವಳಿಗೇ ಕೇಳಿಸಲ್ಲ" ಎಂದು ಜೊತೆಯ ಹುಡುಗಿಯರು ನಗುತ್ತಿದ್ದರು.

ಅಂಗೈಯಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆ ಮೂಡಿತು, ಅತ್ತಿಗೆ. "ಬಂತು ಟೀಚರ್, ಬೆಳಕು ಬಂತು" ಎಂದು ಕೂಗಿದೆ. ಎದುರು ಕಟ್ಟಡದವರು ಕಿಟಕಿ ತೆರೆದು ನೋಡಿದರು. ಟೀಚರ್ ಮೆಟ್ಟಿಲು ಹತ್ತಿ ಬಂದು, "ಎಲ್ಲಿ ಬಚ್ಚಿಟ್ಟಿದ್ದೆ ಈ ಗಂಟಲನ್ನ? ನಾಳೆಯಿಂದ ಕೆಲಸಕ್ಕೆ ಬಾರೇ" ಎಂದರು.

ಗಂಟಲು ಕಟ್ಟಿದೆ, ಬಿಸಿನೀರು ಕುಡಿಯುತ್ತಿದ್ದೇನೆ. ಉಳಿದಂತೆ ಆರೋಗ್ಯವಾಗಿದ್ದೇನೆ.

"ನಾಲ್ಕು ಜನರೆದುರು ಬಾಯಿ ಬಿಡದವಳು ಅಲ್ಲಿ ಗೆದ್ರೆ ಚಿಕ್ಕವಳನ್ನೂ ಕಳಿಸ್ತೀನಿ" ಎಂದು ಅಪ್ಪ ನಿಮ್ಮೆದುರೇ ಹೇಳಿದ್ದು. ಈಗ ಜಾರಿಕೊಳ್ಳಲು ಬಿಡಬೇಡಿ. ತಂಗಿಯ ಬಟ್ಟೆ ಕಟ್ಟಿಡಿ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚ ಖಾಲಿಯಿದೆ. ಬಸ್ಸಿನ ಸೀಟಿಗೆ ಹಾಕುವ ಹಾಗೆ ಅದಕ್ಕೆ ಈಗಲೇ ನನ್ನ ಟವೆಲ್ ಹಾಕಿಟ್ಟಿದ್ದೇನೆ.

ಕಾರ್ಡು ತುಂಬಿತು.
ಗಂಟಲು ಕಟ್ಟಿದ ನಿಮ್ಮ ನಾದಿನಿ