ಬೆಂಚು ಎರಡು ಸಲ ಅದುರಿದರೆ

ಪ್ರೀತಿಯ ಅಮ್ಮಾ,

ಸಂಗೀತ ಶಿಬಿರದಲ್ಲಿ ಹೊಟ್ಟೆ ತುಂಬ ಊಟ ಹಾಕುತ್ತಾರೆ, ಚಿಂತೆ ಬೇಡ. ಇಲ್ಲಿನ ಪೈಪ್ ಆರ್ಗನ್ ಗೋಡೆಯಷ್ಟು ದೊಡ್ಡದು. ಕೈಯಿಂದಲೂ ನುಡಿಸಬೇಕು, ಕಾಲಿನಿಂದಲೂ. ಕಾಲಡಿಯ ಮರದ ಪಟ್ಟಿ ಒತ್ತಿದರೆ ಕಂಬದಂಥ ಕೊಳವೆ ಮೊಳಗುತ್ತದೆ.

ಮೊದಲ ದಿನ ಆ ಪಟ್ಟಿಯನ್ನು ಧಡ್ ಧಡ್ ಎಂದು ತುಳಿದುಬಿಟ್ಟೆ. "ಅದೇನು ಜಿರಳೆ ಏನಮ್ಮಾ? ಮೆಲ್ಲಗೆ ಒತ್ತು" ಎಂದರು ಮೇಷ್ಟ್ರು. ಎಲ್ಲರೂ ನಕ್ಕರು. ಕಿವಿ ಕೇಳದ ನಿನ್ನನ್ನು ಕರೆಯಲು, ನಡೆಯಲು ಕಲಿತಾಗಿನಿಂದ ಎರಡೆರಡು ಸಲ ನೆಲ ಗುದ್ದಿದ ಕಾಲು ಇದು ಎಂದು ಅವರಿಗೇನು ಗೊತ್ತು?

ಭಾನುವಾರದ ಕಾರ್ಯಕ್ರಮಕ್ಕೆ "ನಾನು ಬಂದು ಏನ್ ಮಾಡ್ಲಿ, ಅಪ್ಪ ಕೇಳ್ಕೊಂಡು ಬರ್ತಾರೆ ಬಿಡು" ಎಂದು ಬರೆದಿದ್ದೀಯಲ್ಲ, ಆ ನೆಪವೆಲ್ಲ ನನ್ನ ಹತ್ತಿರ ಬೇಡ. ನೀನೇ ಬಾ. ಬರುವಾಗ ನನ್ನ ತೆಳು ಅಟ್ಟೆಯ ಬೂಟು ತಾ. ಮುಂದಿನ ಕುರ್ಚಿಗಳಲ್ಲಿ ಕೂರಬೇಡ. ದೊಡ್ಡ ಕೊಳವೆಯ ಪಕ್ಕದ ಮರದ ಬೆಂಚಿನ ಮೇಲೆ, ಚಪ್ಪಲಿ ಬಿಟ್ಟು ಕೂತುಕೋ. ಅದರ ದನಿ ಕಿವಿ ಕೇಳುವ ನಮಗೂ ಕಿವಿಗಿಂತ ಮೊದಲು ಅಂಗಾಲಿಗೇ ತಿಳಿಯುವುದು.

ಮೇಷ್ಟ್ರನ್ನು ಕಾಡಿ ಬೇಡಿ, ನಾನು ನುಡಿಸುವ ಪಾಠದ ಕೊನೆಗೆ ಪುಸ್ತಕದಲ್ಲಿಲ್ಲದ ಎರಡು ಕಾಲಿನ ಸ್ವರ ಸೇರಿಸಿಕೊಂಡಿದ್ದೇನೆ. ಬೆಂಚು ಎರಡು ಸಲ ಅದುರಿದಾಗ, ಅಡುಗೆಮನೆಯಲ್ಲಿ ತಿರುಗುವ ಹಾಗೆಯೇ ತಿರುಗಿ "ಏನೇ?" ಅನ್ನು. ಜೋರಾಗಿಯೇ ಅನ್ನು, ಎಲ್ಲರಿಗೂ ಕೇಳಿಸಲಿ.

ನಿನ್ನ,
ಧಡಭಡ