ನಲ್ಲಿಯ ಮುಂದೆ ನಿಂತವಳು

ಶಾರದೆಯ ಅಪ್ಪನಿಗೆ,

ನಿಮ್ಮ ಹೆಸರು ಹಿಡಿದು ಕರೆದವಳಲ್ಲ ನಾನು. ನೀವಿದ್ದಾಗ ಅಡುಗೆಮನೆಯಿಂದ ‘ರೀ’ ಎಂದರೆ ಸಾಕಿತ್ತು. ಹಿತ್ತಲಿನ ಶೆಡ್ಡಿನಲ್ಲಿ ಉಳಿಯ ಸದ್ದು ನಿಂತು, ‘ಏನೇ?’ ಎಂದು ದೂಳು ಮೆತ್ತಿದ ಮುಖವೊಂದು ಹೊರಗೆ ಬರುತ್ತಿತ್ತು. ಈಗ ಹೇಗೆ ಕರೆಯಬೇಕೆಂದು ತಿಳಿಯದೆ ಮಗಳ ಹೆಸರನ್ನು ಮುಂದಿಟ್ಟುಕೊಂಡಿದ್ದೇನೆ. ಒಂದು ಸುದ್ದಿ ಇದೆ. ಅದಕ್ಕೆ ಮೊದಲು ಹಳೆಯದನ್ನು ಹೇಳದಿದ್ದರೆ ನನ್ನ ನಾಚಿಕೆ ನಿಮಗೆ ಅರ್ಥವಾಗುವುದಿಲ್ಲ. ಆಗಲೂ ಪೂರ್ತಿ ಅರ್ಥವಾಗಿರಲಿಲ್ಲ, ಅಲ್ಲವೇ?

ಮದುವೆಯಾಗಿ ಜಯನಗರದ ಮನೆಗೆ ಬಂದ ಹೊಸತು. ಸುತ್ತ ಖಾಲಿ ಸೈಟುಗಳು, ಅಲ್ಲೊಂದು ಇಲ್ಲೊಂದು ಮನೆ. ಮಾವನವರೂ ನೀವೂ ಎದುರುಬದುರು ಕೂತು ಕಲ್ಲು ಕೆತ್ತುತ್ತಿದ್ದಿರಿ. ಗುಡಿಗೆ ಹೋಗಲಿದ್ದ ಅಮ್ಮನವರ ಮುಖ ನೋಡಿ ನಾನು, “ಅಯ್ಯೋ, ನಮ್ಮ ದೊಡ್ಡಮ್ಮನ ಹಾಗೇ ಇದೆ!” ಎಂದುಬಿಟ್ಟೆ. ಮಾವನವರು ಸುತ್ತಿಗೆ ಕೆಳಗಿಟ್ಟರು. “ಹಂಗನ್ಬಾರ್ದಮ್ಮ. ದೇವ್ರ ಮುಖ ಅಳತೆಯಿಂದ ಬರೋದು. ಅದು ಯಾರ ಮುಖಾನೂ ಆಗ್ಬಾರ್ದು.” ನಾನು ನಾಲಿಗೆ ಕಚ್ಚಿಕೊಂಡೆ. ಊಟಕ್ಕೆ ಕೂತಾಗ ನೀವು ಮೆಲ್ಲಗೆ ಕೇಳಿದಿರಿ: “ನಿಜವಾಗ್ಲೂ ನಿಮ್ಮ ದೊಡ್ಡಮ್ಮನ ಹಾಗಿತ್ತೇನೇ?” ನಿಮ್ಮ ಕಣ್ಣಲ್ಲಿದ್ದದ್ದು ಭಯವಲ್ಲ, ಆಸೆ. ಅದು ಯಾವುದರ ಆಸೆಯೆಂದು ನನಗೆ ತಿಳಿಯಲಿಲ್ಲ.

ಮಾವನವರು ತೀರಿಕೊಂಡ ಮೇಲೆ ನೀವು ಕಂಚಿನ ಕೆಲಸ ಕಲಿಯಲು ತಮಿಳುಸೀಮೆಯ ಒಬ್ಬ ಹಿರಿಯರ ಬಳಿಗೆ ಹೋದಿರಿ. ಬಂದಾಗ ಅರ್ಧ ಆಗಿದ್ದಿರಿ. ಕೈಮೇಲೆಲ್ಲ ಸುಟ್ಟ ಕಲೆ, ಬಾಯಲ್ಲಿ ತಮಿಳು. ಮೇಣದಲ್ಲಿ ಗೊಂಬೆ ಮಾಡಿ, ಮಣ್ಣು ಮೆತ್ತಿ, ಬೆಂಕಿಯಲ್ಲಿಟ್ಟು ಮೇಣ ಹರಿಸಿ, ಆ ಜಾಗಕ್ಕೆ ಕಂಚು ಹೊಯ್ಯುವುದನ್ನು ನನಗೆ ವಿವರಿಸಿದಿರಿ. “ಕಲ್ಲಲ್ಲಿ ತೆಗೀತಾನೇ ಹೋಗ್ಬೇಕು. ಮೇಣದಲ್ಲಿ ಅನುಮಾನ ಬಂದ್ರೆ ಒರೆಸಿ ಮತ್ತೆ ಮಾಡ್ಬೋದು ಕಣೇ” ಎಂದಿರಿ. ಅದೇ ವರ್ಷ ಸಿಟಿಯ ಚಿತ್ರಕಲಾ ಶಾಲೆಯ ಮೇಷ್ಟ್ರೊಬ್ಬರು ಹೊರದೇಶದ ಪ್ರತಿಮೆಗಳ ಫೋಟೋ ತೋರಿಸಿದರಂತೆ. ಸೈಕಲ್ ನಿಲ್ಲಿಸುವ ಮುಂಚೆಯೇ ಕೂಗಿದಿರಿ: “ಅಲ್ಲಿ ಮುದುಕೀರನ್ನೂ ಮಾಡ್ತಾರೆ! ಸುಸ್ತಾದೋರ್ನೂ ಮಾಡ್ತಾರೆ!” ಸುಸ್ತಾದವರನ್ನು ಯಾರು ಪೂಜೆ ಮಾಡುತ್ತಾರೆ ಎಂದು ನಾನು ನಕ್ಕೆ.

ಶಾರದೆ ಹೊಟ್ಟೆಯಲ್ಲಿದ್ದಳು. ನಮ್ಮ ಬೀದಿಗೆಲ್ಲ ಇದ್ದದ್ದು ಮೂಲೆಯ ಆ ಒಂದೇ ನಲ್ಲಿ. ಕೊಡ ಸಾಲಿಗಿಟ್ಟು, ಸೊಂಟದ ಮೇಲೆ ಕೈಯಿಟ್ಟು, ಒಂದು ಕಾಲಿಗೆ ಭಾರ ಹಾಕಿ ನಿಂತಿದ್ದೆ. ನೀವು ಗೇಟಿನಿಂದ ನೋಡಿದಿರಿ. ಅಂದೇ ಮಧ್ಯಾಹ್ನ ಶೆಡ್ಡಿಗೆ ಕರೆದು ಹಾಗೇ ನಿಲ್ಲಿಸಿದಿರಿ. “ಕಾಲು ನೋಯ್ತಿದೆ ರೀ” ಎಂದರೆ, “ಅದೇ, ಅದೇ, ಹಾಗೇ ಇರು” ಎಂದಿರಿ. ಯಾವುದೋ ಗುಡಿಯ ಕಂಬಕ್ಕಿರಬೇಕು ಎಂದುಕೊಂಡೆ. ನೀವು ಅಷ್ಟು ಹೊತ್ತು ನನ್ನನ್ನೇ ನೋಡಿದ್ದು ಅದೇ ಮೊದಲು. ಅದಕ್ಕೇ ಸುಮ್ಮನೆ ನಿಂತೆ. ಸುಖವಾಗಿಯೇ ನಿಂತೆ ಎಂದು ಇಂದು ಹೇಳಲೂ…

ಹಾಗೆ ನೀವು ಮಾಡಿದ ಮೊಣಕಾಲೆತ್ತರದ ಕಂಚಿನ ಹೆಂಗಸು ಗುಡಿಗಲ್ಲ, ಸಿಟಿಯ ಪ್ರದರ್ಶನಕ್ಕೆ ಹೋಯಿತು. ಬಹುಮಾನ ಬಂತು. ಪತ್ರಿಕೆಯಲ್ಲಿ ಫೋಟೋ ಬಂತು. ನನ್ನ ಮುಖ, ನನ್ನ ಮೂಗುಬೊಟ್ಟು, ನನ್ನ ಹೊಟ್ಟೆ. ಚಿಕ್ಕಲಸಂದ್ರದಲ್ಲಿ ಎತ್ತಿನಗಾಡಿ ಮಾಡುವ ಬಡಗಿಯಾಗಿದ್ದ ನನ್ನಣ್ಣ ಆ ಪತ್ರಿಕೆಯನ್ನು ಸೈಕಲ್ಲಿಗೆ ಸಿಕ್ಕಿಸಿಕೊಂಡು ಬಂದ.

“ಏನ್ ಭಾವ ಇದು? ದೇವ್ರನ್ನ ಮಾಡೋ ಮನೆತನ ನಿಮ್ದು. ಬಸುರಿ ಹೆಂಡ್ತೀನ ಊರಿಗೆಲ್ಲ ತೋರಿಸ್ತಾರಾ?”

“ಸೀರೆ ಉಟ್ಕೊಂಡೇ ಇದ್ದಾಳಲ್ಲಪ್ಪ.”

“ಉಟ್ಟಿದ್ರೇನ್ ಬಂತು? ಒಳಗಿರೋದೆಲ್ಲ ಕಾಣ್ತದಲ್ಲ!”

ನೀವು ನನ್ನ ಕಡೆ ನೋಡಿದಿರಿ. ನಾನು ಬಾಗಿಲ ಹಿಂದೆ ಸರಿದೆ.

ಮಾರನೆಯ ದಿನ ನಲ್ಲಿಯ ಹತ್ತಿರ ಎದುರುಮನೆಯ ಗೌರಮ್ಮ, “ಇವತ್ತು ಹೆಂಗೆ ನಿಂತ್ಕೋತೀರ್ರೀ? ಪೇಪರ್‌ನೋರು ಬರ್ತಾರೋ?” ಎಂದಳು. ಎಲ್ಲರೂ ನಕ್ಕರು. ನಾನು ಕೊಡ ಅಲ್ಲೇ ಬಿಟ್ಟು ಬಂದೆ. ಮತ್ತೆ ನೀರಿಗೆ ಹೋಗಲಿಲ್ಲ. ಅಂದಿನಿಂದ ನೀವು ಹೆಗಲ ಮೇಲೆ ಕೊಡ ಹೊತ್ತು ಹೆಂಗಸರ ಸಾಲಿನಲ್ಲಿ ನಿಂತಿರಿ. ಬೀದಿಯೇ ನೋಡುತ್ತಿತ್ತು. ಬೇರೆ ಹೆಂಡತಿಯಾಗಿದ್ದರೆ ಹೆಮ್ಮೆಪಡುತ್ತಿದ್ದಳೋ ಏನೋ. ನಾನು ಕಿಟಕಿ ಮುಚ್ಚಿದೆ. ನನ್ನ ಹೊಟ್ಟೆಗೆ ನಾಚಿಕೊಂಡಿದ್ದವಳು ಈಗ ನಿಮ್ಮ ಹೆಗಲಿಗೂ ನಾಚಿಕೊಂಡೆ.

ಆ ವಾರವೇ ಹೇಳಿದೆ, “ಅದನ್ನ ಕರಗಿಸಿಬಿಡಿ.” ನೀವು ವಾದ ಮಾಡಲಿಲ್ಲ. ವಾದ ಮಾಡಿದ್ದರೆ ಚೆನ್ನಾಗಿತ್ತು. “ಕರಗಿಸಕ್ಕೆ ನನ್ನ ಕೈಲಾಗಲ್ಲ ಕಣೇ. ಆದ್ರೆ ಇನ್ ಯಾರ ಕಣ್ಣಿಗೂ ಬೀಳಲ್ಲ” ಎಂದಿರಿ. ದೆಹಲಿಯ ಕಲಾ ಸಂಗ್ರಹಾಲಯದವರು ಅದನ್ನು ಕೇಳಿದ್ದರಂತೆ. ಕೊಡುವುದಿಲ್ಲ ಎಂದು ಬರೆದು, ಮನೆಗೆ ತಂದು, ಗೋಣಿಚೀಲ ಸುತ್ತಿ, ಕಲ್ಲುಗಳ ಹಿಂದೆ ಇಟ್ಟಿರಿ.

ಆಮೇಲೆ ನಿಮಗೆ ಕೆಲಸ ಕಡಿಮೆಯಾಗಲಿಲ್ಲ. ಗುಡಿಗಳಿಗೆ ಕಲ್ಲಿನ ದೇವರು, ಸರ್ಕಲ್ಲಿಗೂ ಶಾಲೆಗೂ ಕಂಚಿನ ದೊಡ್ಡವರು. ಪೇಟ, ಕನ್ನಡಕ, ಕೋಟಿನ ಗುಂಡಿ. ಮುಖ ಹಾಗೇ ಬಂದಿದೆ ಎಂದು ಜನ ನಿಮಗೆ ಹಾರ ಹಾಕುತ್ತಿದ್ದರು. ಶಾರದೆಗೆ ಗೊತ್ತಿರುವ ಅಪ್ಪ ಆ ಅಪ್ಪನೇ. ಒಮ್ಮೆ ಹಾರ ಬಿಚ್ಚಿ ನನ್ನ ಕೈಗೆ ಕೊಡುತ್ತಾ, “ಎದೆಯಿಂದ ಮೇಲೆ ಮಾಡಿದ್ರೆ ಸಾಕು ಅಂತಾರೆ. ಕೆಳಗೆ ಮನುಷ್ಯ ಹೇಗೆ ನಿಂತಿದ್ದ ಅಂತ ಯಾರ್ಗೂ…” ಎಂದು ನಿಲ್ಲಿಸಿದಿರಿ. ನಾನು ಕೇಳಿಸದವಳಂತೆ ಹಾರವನ್ನು ದೇವರ ಪಟಕ್ಕೆ ಹಾಕಿದೆ. ಬೀದಿಯಲ್ಲಿ ಕಂಡ ಯಾರನ್ನೂ ನೀವು ಮತ್ತೆ ಮಾಡಲಿಲ್ಲ. ಕಲ್ಲಿನ ದೂಳು ಎದೆಗಿಳಿದು ಕೆಮ್ಮು ಹತ್ತಿತು. ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಗೋಣಿಚೀಲದ ಮಾತು ನೀವು ಎತ್ತಲಿಲ್ಲ. ಎತ್ತುತ್ತೀರೇನೋ ಎಂದು ನಾನು ಹೆದರಿಕೊಂಡೇ ಕೂತಿದ್ದೆ.

ಇನ್ನು ಸುದ್ದಿ. ನಿಮ್ಮ ಕೆಮ್ಮಿಗೆ ಔಷಧಿ ಕೊಡುತ್ತಿದ್ದ ಡಾಕ್ಟರಮ್ಮ ತಿಲಕ್ ನಗರದ ಕಡೆ ಹೆರಿಗೆ ಆಸ್ಪತ್ರೆ ತೆರೆದಿದ್ದಾರೆ. ಮನೆಗೆ ಬಂದು, “ಆ ಪ್ರದರ್ಶನದಲ್ಲಿ ನೋಡಿದ್ದೆ. ನೀರಿಗೆ ನಿಂತ ಆ ಹೆಂಗಸು ಈಗೆಲ್ಲಿ?” ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅವರು ಗೇಟು ದಾಟುವಷ್ಟರಲ್ಲಿ ಕೂಗಿ ಕರೆದೆ. ಗೋಣಿಚೀಲ ಬಿಚ್ಚಿದ್ದು ಅವರೇ; ನನ್ನ ಕೈ ಏಳಲಿಲ್ಲ.

ಆಸ್ಪತ್ರೆಯಲ್ಲಿಡಲು ಕೇಳಿದರು, ಕೊಟ್ಟೆ. ಮೊನ್ನೆ ಅಲ್ಲಿಗೆ ಹೋಗಿದ್ದೆ. ವರಾಂಡದಲ್ಲಿ, ಬಸುರಿಯರು ಸಾಲಾಗಿ ಕೂರುವ ಬೆಂಚಿನ ಪಕ್ಕ, ಎತ್ತರದ ಕಟ್ಟೆಯ ಮೇಲೆ ಇಟ್ಟಿದ್ದಾರೆ. ಕಂಡ ಕೂಡಲೇ ಸೆರಗು ಎಳೆದುಕೊಂಡೆ, ಈ ವಯಸ್ಸಿನಲ್ಲಿ! ಬೊಮ್ಮನಹಳ್ಳಿ ಕಡೆಯ ತುಂಬು ಬಸುರಿಯೊಬ್ಬಳು ಅದನ್ನು ನೋಡುತ್ತಾ ಕೂತಿದ್ದಳು. ನನ್ನ ಕಡೆ ತಿರುಗಿ, “ಪಾಪ, ಎಷ್ಟೊತ್ತಿಂದ ನಿಂತವ್ಳೋ. ಎಡಗಾಲು ಜೋಮು ಹಿಡಿದೈತೆ ನೋಡಕ್ಕ ಇವ್ಳಿಗೆ” ಎಂದಳು.

ಎಡಗಾಲೇ ರೀ. ಅಣ್ಣ ನೋಡಿದ್ದು ಹೊಟ್ಟೆ, ಗೌರಮ್ಮ ನೋಡಿದ್ದು ಹೊಟ್ಟೆ, ನಾನು ನೋಡಿದ್ದೂ ಅದನ್ನೇ. ನನ್ನ ಕಾಲಿನ ನೋವನ್ನು ನೀವು ಅಷ್ಟು ಜೋಪಾನವಾಗಿ ಕಂಚಿನಲ್ಲಿಟ್ಟಿದ್ದಿರಿ. ನಾನು ಅದಕ್ಕೆ ಗೋಣಿ ಸುತ್ತಿಸಿದೆ. ಅದು ನಾನೇ ಎಂದು ಆ ಹುಡುಗಿಗೆ ಹೇಳಲು ಬಾಯಿ ಬರಲಿಲ್ಲ. ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕೂತೆ.

ಶಾರದೆ ಈಗ ಹೈಸ್ಕೂಲು. ಅವಳಿಗೆ ಇದಾವುದೂ ಗೊತ್ತಿಲ್ಲ. ಭಾನುವಾರ ಕರೆದುಕೊಂಡು ಹೋಗುತ್ತೇನೆ. ನಾಚಿಕೆ ಆಗೇ ಆಗುತ್ತದೆ, ಆಗಲಿ. ಅಪ್ಪ ಮಾಡಿದ್ದು ಇದು, ನಿಂತಿರುವವಳು ನಾನು ಎಂದು ಹೇಳುತ್ತೇನೆ. ಒಳಗಿರುವವಳು ನೀನು ಎಂದೂ ಹೇಳುತ್ತೇನೆ.

ನಿಮ್ಮವಳು