ಪಡುವಣ ಗೋಡೆಯ ಸಿಮೆಂಟು

ಅಪ್ಪರ್ ಹೆಲ್ಡನ್ ಹಳ್ಳಿ, ಇಂಗ್ಲೆಂಡ್
ಫೆಬ್ರವರಿ ೩೦, ೨೩೯೧

ಅಜ್ಜ ಚನ್ನವೀರಪ್ಪನವರಿಗೆ ನಿಮ್ಮ ಹನ್ನೆರಡನೆಯ ತಲೆಮಾರಿನ ಈರವ್ವ ಬರೆಯುವುದು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಇದನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಅದು ಕಳೆದ ಕಾಲಕ್ಕೆ ಹೋಗುವ ಅಂಚೆ. ತಲುಪುವ ಖಾತರಿಯನ್ನು ಯಾರೂ ಕೊಡುವುದಿಲ್ಲ.

ನೀವು ಗುಳೇದಗುಡ್ಡದಿಂದ ಬಂದು, ಬಸ್ಸು ಓಡಿಸಿ ಕೊಂಡ ಕಲ್ಲಿನ ಮನೆ ಇನ್ನೂ ನಿಂತಿದೆ. ನಾನು ಅದರಲ್ಲೇ ಇದ್ದೇನೆ, ಅದರ ರಿಪೇರಿಯೂ ನನ್ನದೇ. ಕಟ್ಟಿದವರು ಬುದ್ಧಿವಂತರು ಅಜ್ಜ. ಗೋಡೆ ಒಂದೂವರೆ ಮೊಳ ದಪ್ಪ: ಒಳಗೊಂದು, ಹೊರಗೊಂದು ಸಾಲು ಜೇನುಬಣ್ಣದ ಸುಣ್ಣಗಲ್ಲು, ನಡುವೆ ಚೂರುಕಲ್ಲು. ಚಾವಣಿಗೂ ಕಲ್ಲಿನ ಬಿಲ್ಲೆಗಳೇ. ಸೂರಿನ ಹತ್ತಿರ ದೊಡ್ಡವು, ಮೇಲೇರಿದಂತೆ ಚಿಕ್ಕವು, ಒಂದೊಂದೂ ಮರದ ಗೂಟಕ್ಕೆ ತೂಗುಬಿದ್ದಿವೆ. ಕಲ್ಲಿನ ಸಂದಿಗೆ ಅವರು ತುಂಬಿದ್ದು ಸುಣ್ಣದ ಗಾರೆ. ಅದು ಕಲ್ಲಿಗಿಂತ ಮೆದು. ಗೋಡೆ ಕುಡಿದ ಮಳೆನೀರು ಆ ಗಾರೆಯಿಂದಲೇ ಆರಿಹೋಗುತ್ತದೆ. ನೂರು ವರ್ಷಕ್ಕೆ ಗಾರೆ ಉದುರುತ್ತದೆ, ಹೊಸದು ತುಂಬುತ್ತೇವೆ. ಕಲ್ಲಿಗೆ ಏನೂ ಆಗುವುದಿಲ್ಲ.

ನೀವೇನು ಮಾಡಿದಿರಿ? ಉದುರುವ ಗಾರೆ ಕಂಡು ಗಾಬರಿಯಾಗಿ, ಪಡುವಣ ಗೋಡೆಗೆಲ್ಲ ಸಿಮೆಂಟು ಮೆತ್ತಿದಿರಿ. ನಿಮ್ಮೂರಲ್ಲಿ ಸಿಮೆಂಟು ಕಂಡರೇನೇ ಮನೆ ಪಕ್ಕಾ! ಇಲ್ಲಿ ನೀರು ಹೊರಬರಲಾರದೆ ಒಳಗೇ ನಿಂತಿತು, ಚಳಿಗೆ ಹೆಪ್ಪುಗಟ್ಟಿತು, ಕಲ್ಲಿನ ಮೈ ಪದರಪದರವಾಗಿ ಎದ್ದುಬಂತು. ಒಸರುಗನ್ನಡಿ ಎಂಬುದೊಂದು ನಮ್ಮಲ್ಲಿದೆ, ಗೋಡೆಯೊಳಗಿನ ತೇವವನ್ನು ಕಪ್ಪಾಗಿ ತೋರಿಸುವ ಗಾಜು. ಹಿಡಿದರೆ ಆ ಗೋಡೆ ಪೂರ್ತಿ ಕಪ್ಪು. ಸಿಮೆಂಟು ಕೀಳದಿದ್ದರೆ ಇನ್ನೊಂದು ಚಳಿಗಾಲವನ್ನು ಅದು ತಡೆಯದು; ಬಿದ್ದರೆ ಚಾವಣಿಯೂ ಜೊತೆಗೇ.

ಮೂರು ವಾರದಿಂದ ಉಳಿ ಹಿಡಿದು, ನಿಮ್ಮನ್ನು ಬೈಯುತ್ತಲೇ ಅದನ್ನು ಕೀಳುತ್ತಿದ್ದೇನೆ. ನಿನ್ನೆ ಕಿಟಕಿಯ ಕೆಳಗಿನ ಬಳ್ಳಿ ಸರಿಸಿದಾಗ, ಸಿಮೆಂಟು ಹಸಿಯಿದ್ದಾಗ ನೀವು ಬೆರಳಲ್ಲಿ ಬರೆದದ್ದು ಕಂಡಿತು: "ನಮ್ಮ ದಾನವ್ವಗ ಥಂಡಿ ಹತ್ತಬಾರದು."

ಉಳಿ ಕೆಳಗಿಟ್ಟೆ. ನಿಮ್ಮ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ನಿಮ್ಮದೆಂದು ಉಳಿದಿರುವುದು ಹೆಂಡತಿಗಾಗಿ ಬರೆದ ಆ ಸಾಲು. ಅದರ ಹಿಂದಿನ ಕಲ್ಲೇ ಎಲ್ಲಕ್ಕಿಂತ ಹೆಚ್ಚು ನೆನೆದಿದೆ. ಬರಹವಿರುವ ಸಿಮೆಂಟನ್ನು ಇಡಿಯಾಗಿ ಎಬ್ಬಿಸೋಣವೆಂದರೆ ಚೂರಾಗುತ್ತದೆ. ಅಳು ಬಂತು, ಸಿಟ್ಟೂ ಬಂತು.

ಒಂದು ಬೇಡಿಕೆ ಅಜ್ಜ. ಈ ಕಾಗದ ಸಿಕ್ಕಿದರೆ ಸಿಮೆಂಟಿನ ಚೀಲವನ್ನು ಅಂಗಡಿಗೆ ವಾಪಸ್ಸು ಕೊಟ್ಟು, ಸುಣ್ಣ ಕಲಸಿ. ಆ ಮಾತನ್ನು ಒಳಗೆ, ಒಲೆಯ ಮೇಲಿನ ತೊಲೆಯಲ್ಲಿ ಕೊರೆಯಿರಿ. ದಾನವ್ವಜ್ಜಿ ನಿಜಕ್ಕೂ ಬೆಚ್ಚಗಿರುತ್ತಾರೆ.

ನಾಳೆ ಬೆಳಿಗ್ಗೆ ಎದ್ದವಳೇ ತೊಲೆ ನೋಡುತ್ತೇನೆ. ಅಲ್ಲಿ ಏನೂ ಇಲ್ಲದಿದ್ದರೆ ಹೊರಗೆ ಹೋಗಿ, ನಿಮ್ಮ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿ, ಅದರ ಮೇಲೇ ಉಳಿ ಇಡುತ್ತೇನೆ. ಥಂಡಿ ಎಂಬ ಮಾತಿನಿಂದ ಶುರುಮಾಡುತ್ತೇನೆ. ದಾನವ್ವಜ್ಜಿಯ ಹೆಸರು ಕೊನೆಗೆ.